ಕ್ಯಾಬಿನ್ನಿನಿಂದ ಕೂಗಿದ ಮಾತು

ಹಾಲೇಶಿ ನಡೆಸುತ್ತಿದ್ದ ಕ್ರೇನಿನ ತೋಳು ಸೈಟಿನ ಮೇಲೆ ಹಾದುಹೋಗಿದ್ದ ಹೈಟೆನ್ಷನ್ ತಂತಿಗೆ ತಗುಲಿ ಅಲ್ಲೇ ಸಿಕ್ಕಿಕೊಂಡಿತು. ಲಿವರ್ ಎಷ್ಟು ಎಳೆದರೂ ಕದಲಲಿಲ್ಲ. ಇಡೀ ಕ್ರೇನಿಗೆ ಕರೆಂಟು ಹರಿದಿತ್ತು. ಕ್ಯಾಬಿನ್ನಿನೊಳಗೆ ಅಲ್ಲಾಡದೆ ಕೂತರೆ ಜೀವ ಉಳಿಯುತ್ತಿತ್ತು, ಕಾಲು ನೆಲಕ್ಕಿಟ್ಟರೆ ಮುಗಿಯಿತು.

ಕ್ರೇನಿನ ಟೈರು ಹೊಗೆಯಾಡತೊಡಗಿತು. ಅದನ್ನು ಕಂಡ ಮುರಿಗೆಪ್ಪ ಓಡಿ ಬಂದ. ಹತ್ತು ವರ್ಷದಿಂದ ಇಬ್ಬರೂ ಜೊತೆಯಲ್ಲೇ ದುಡಿದವರು, ಒಂದೇ ಬುತ್ತಿ ಹಂಚಿಕೊಂಡು ಉಂಡವರು. ಇವರ ಜೊತೆಗೇ ದುಡಿಯುತ್ತಿದ್ದ ಮುರಿಗೆಪ್ಪನ ತಮ್ಮ ಹಿಂದೊಮ್ಮೆ ಕರೆಂಟು ಹೊಡೆದು ಸತ್ತಿದ್ದ, ತಪ್ಪು ಅವನದೇ ಎಂದು ಎಲ್ಲರೂ ನಂಬಿದ್ದರು.

"ಹತ್ರ ಬರಬೇಡಣ್ಣಾ! ಕ್ರೇನಿಗೆಲ್ಲ ಕರೆಂಟ್ ಬಂದೈತೆ! ಲೈನ್ ಆಫ್ ಮಾಡ್ಸು!"

"ಅಷ್ಟರೊಳಗೆ ನೀನು ಸುಟ್ಟೇ ಹೋಗ್ತೀಯ. ಬಾಗಿಲು ತೆಗೆದು ಎಳ್ಕೊಂತೀನಿ, ಇರು!"

ಬಾಗಿಲಿಗೆ ಇನ್ನು ಇಪ್ಪತ್ತು ಹೆಜ್ಜೆ ಇತ್ತು. ಮುರಿಗೆಪ್ಪ ನಿಲ್ಲುವ ಹಾಗೆ ಕಾಣಲಿಲ್ಲ.

"ನಿನ್ನ ತಮ್ಮ ಸತ್ತಿದ್ದು ಅವನ ತಪ್ಪಿನಿಂದಲ್ಲ!" ಹಾಲೇಶಿ ಗಂಟಲು ಹರಿಯುವಂತೆ ಕೂಗಿದ. "ಅವನು ವೈರ್ ಜೋಡಿಸ್ತಿದ್ದಾಗ ಮೇನ್ ಸ್ವಿಚ್ ಹಾಕಿದ್ದು ನಾನು! ಒಂದು ಮಾತು ಕೇಳದೆ ಹಾಕ್ದೆ!"

ಮುರಿಗೆಪ್ಪ ಗರ ಬಡಿದವನಂತೆ ನಿಂತುಬಿಟ್ಟ.

ಯಾರೋ ಸಬ್‌ಸ್ಟೇಷನ್ನಿಗೆ ಫೋನು ಮಾಡಿದರು. ಲೈನು ಆಫ್ ಆಗಲು ಕಾಲು ಗಂಟೆ ಹಿಡಿಯಿತು, ಪುಣ್ಯಕ್ಕೆ ಟೈರು ಹೊಗೆಯಾಡಿತೇ ಹೊರತು ಬೆಂಕಿ ಹತ್ತಲಿಲ್ಲ. ಅಷ್ಟೂ ಹೊತ್ತು ಮುರಿಗೆಪ್ಪ ನಿಂತಲ್ಲಿಂದ ಕದಲಲಿಲ್ಲ. ಗಾಜಿನ ಹಿಂದೆ ಕೂತ ಹಾಲೇಶಿಗೆ ಅವನ ಮುಖ ಬಿಟ್ಟು ಬೇರೆಲ್ಲೂ ನೋಡಲಾಗಲಿಲ್ಲ.

ಕೊನೆಗೆ ಇಳಿದು ಬಂದವನನ್ನು ಮುರಿಗೆಪ್ಪ ಬಾಚಿ ತಬ್ಬಿಕೊಂಡ.

"ಎಂಥ ತಲೆ ಓಡಿಸಿದ್ಯೋ ಮಾರಾಯ! ಆ ಸುಳ್ಳು ಹೇಳದೆ ಇದ್ದಿದ್ರೆ ನಾನು ಬಾಗಿಲು ಮುಟ್ಟೇ ಬಿಡ್ತಿದ್ದೆ."

ಹಾಲೇಶಿ ಮೆಲ್ಲಗೆ ಆ ಅಪ್ಪುಗೆಯಿಂದ ಬಿಡಿಸಿಕೊಂಡ.

"ಸುಳ್ಳಲ್ಲಣ್ಣ."