ಬರೀ ತೊಟ್ಟಿಲು

ನರಸೀಪುರದ ಮೂರನೇ ಅಂಗಡಿಯಲ್ಲೂ ಮಂಗಳಮ್ಮ ತೊಟ್ಟಿಲಿನ ಕಂಬಿಗಳ ನಡುವೆ ಮುಷ್ಟಿ ತೂರಿಸಿದರು. ಸಲೀಸಾಗಿ ಒಳಹೋಯಿತು. "ಇದೂ ಬ್ಯಾಡ."

ಮಗುವನ್ನು ಹೆಗಲಿಗೆ ಹಾಕಿಕೊಂಡ ಸೊಸೆ ಗಾನವಿಗೆ ನಿಂತಲ್ಲೇ ತೂಕಡಿಕೆ. "ಅಟ್ಟದ ಮೇಲೆ ಹಳೇ ತೊಟ್ಟಿಲು ಇದೆಯಲ್ಲ ಅತ್ತೆ, ಅದೇ ಸಾಕು ಬನ್ನಿ." ಮಂಗಳಮ್ಮ ಕೇಳಿಸದವರಂತೆ ಮುಂದಿನ ತೊಟ್ಟಿಲಿಗೆ ಹೋದರು.

ಅಂಗಡಿಯವನಿಗೂ ಸಾಕಾಗಿತ್ತು. "ಬೇರಿಂಗ್ ಹಾಕಿದೀವಿ ಕಣಮ್ಮ, ನೋಡಿ" ಎಂದು ಅದನ್ನು ಜೋರಾಗಿ ತೂಗಿಬಿಟ್ಟ. ಮಂಗಳಮ್ಮ ಎರಡೂ ಕೈಯಲ್ಲಿ ಹಿಡಿದು ನಿಲ್ಲಿಸಿದರು. "ಬರೀ ತೊಟ್ಟಿಲು ತೂಗಬ್ಯಾಡ ಕಣಪ್ಪ."

"ಬಿಡಿ ಅತ್ತೆ, ತೂಗಿದರೆ ಏನಾಗುತ್ತೆ?" ಗಾನವಿಯ ದನಿಯಲ್ಲಿ ಸಿಡುಕಿತ್ತು.

ಮಂಗಳಮ್ಮ ಕಂಬಿಗಳ ನಡುವೆ ಮುಷ್ಟಿ ಒತ್ತಿದರು. ಈ ಸಲ ಒಳಹೋಗಲಿಲ್ಲ.

"ಅಟ್ಟದ್ ಮ್ಯಾಲಿನ ತೊಟ್ಟಿಲ ಕಂಬೀಲೇ ಕಣವ್ವ, ನನ್ ಮೊದಲ್ನೇ ಕೂಸು ತಲೆ ಸಿಕ್ಕಾಕಂಡು ತೀರೋಗಿದ್ದು. ಆಮೇಲೂ ಬರೀ ತೊಟ್ಟಿಲು ತೂಗ್ತಾನೇ ಇದ್ದೆ."