ನಾಲ್ಕನೆಯ ಅಂಗಡಿ

ಗಾಲಿಕುರ್ಚಿಯ ಮುಂದಿನ ಚಕ್ರ ಅಂಗಡಿಯ ಹೊಸ್ತಿಲಿಗೆ ಸಿಕ್ಕಿಕೊಂಡಿತು. ಮಾರಾಟಗಾರ ಓಡಿಬಂದು ಹಿಡಿಕೆಗೆ ಕೈ ಹಾಕಿದ.

"ಬಿಡಿ ಮೇಡಂ, ನಾನು ತಳ್ತೀನಿ."

"ಬೇಡ," ಎಂದಳು ಮಗಳು. ದನಿ ಅಗತ್ಯಕ್ಕಿಂತ ಗಡುಸಾಗಿತ್ತು. ಅವಳು ಹಿಡಿಕೆ ಬಿಡಲಿಲ್ಲ. ಅವನು ಮುಂದಿನ ಚಕ್ರವನ್ನಷ್ಟೇ ಎತ್ತಿಕೊಟ್ಟ. ಕುರ್ಚಿಯಲ್ಲಿ ಕೂತಿದ್ದ ತಾಯಿ ಮೊಣಕೈಗಳನ್ನು ಒಳಕ್ಕೆ ಎಳೆದುಕೊಂಡಳು. ದಪ್ಪ ಮೈಯವಳು, ಕುರ್ಚಿ ಅವಳಿಗೆ ಬಿಗಿಯಾಗಿತ್ತು.

ಮನೆಗೊಂದು ಹಾಟ್ ಟಬ್ ಬೇಕಿತ್ತು. ಬಿಸಿನೀರಿನಲ್ಲಿ ದಿನಾ ಸ್ವಲ್ಪ ಹೊತ್ತು ಕೂತರೆ ಕೀಲುಗಳು ಸಡಿಲವಾಗುತ್ತವೆ ಎಂದು ವೈದ್ಯರು ಹೇಳಿದ್ದರು. ಇದು ನಾಲ್ಕನೆಯ ಅಂಗಡಿ. ಹಿಂದಿನ ಮೂರರಿಂದಲೂ ಏನೂ ಕೊಳ್ಳದೆ ಹೊರಬಿದ್ದಿದ್ದರು. ಮೂರನೆಯದರಿಂದ ಬಂದ ಸಂಜೆ ಮಗಳು ಊಟ ಮಾಡದೆ ಮಲಗಿದ್ದಳು. ಟಬ್ಬೂ ಬೇಡ, ಏನೂ ಬೇಡ ಅಂದಿದ್ದಳು. ಇನ್ನೊಂದೇ ಒಂದು ಸಲ ಹೋಗೋಣ, ಈ ಸಲ ನಾನು ಹೇಳಿದ ಹಾಗೆ ಮಾಡು ಎಂದು ಅವಳನ್ನು ಹೊರಡಿಸಿದವಳು ತಾಯಿ.

ಬೆಳಗಿನಿಂದ ಟೈಲ್ಸ್ ಮೇಲೆ ನಿಂತು ಮಾರಾಟಗಾರನ ಹಿಮ್ಮಡಿ ಉರಿಯುತ್ತಿತ್ತು. ಆದರೂ ಮಗಳ ಮುಖ ನೋಡಿ ಅವನ ಮನಸ್ಸು ಕರಗಿತು. ಆ ಮುಖ ಅವನಿಗೆ ಗೊತ್ತಿತ್ತು. ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಂಡು ಅವನ ಅಕ್ಕ ಹೀಗೇ ಆಗಿದ್ದಳು. ಕಣ್ಣ ಕೆಳಗೆ ಕಪ್ಪು, ಬಿಗಿದ ತುಟಿ, ಒಂದೊಂದು ಹೆಜ್ಜೆಯೂ ಭಾರ. ಸೋಫಾದಲ್ಲಿ ಎರಡು ನಿಮಿಷ ಕೂತು ಸುಧಾರಿಸಿಕೊಳ್ಳಿ ಎಂದ. ಅವಳು ಆ ತಗ್ಗು ಸೋಫಾವನ್ನು ಒಮ್ಮೆ ನೋಡಿ, ನಿಂತೇ ಇರುತ್ತೇನೆ ಎಂದಳು. ಕಾಫಿ ತರಿಸುತ್ತೇನೆಂದ. ಅದೂ ಬೇಡವೆಂದಳು.

"ಏನು ತೊಂದರೆ ಮೇಡಂ?" ದನಿ ತಗ್ಗಿಸಿ, ಕಣ್ಣಲ್ಲೇ ಕುರ್ಚಿಯ ಕಡೆ ತೋರಿಸಿದ.

"ಕೀಲುನೋವು. ತುಂಬಾ ದಿನದ್ದು."

"ಪಾಪ. ವಯಸ್ಸಾದ ಮೇಲೆ ಇನ್ನೇನು," ಎಂದ ಅವನು, ತಾಯಿಯ ತಲೆಯ ಮೇಲಿಂದ.

ಅವನು ಮೊದಲು ತೋರಿಸಿದ್ದು ಆರು ಜನ ಕೂರುವ ದೊಡ್ಡ ಟಬ್ಬು. ಬಣ್ಣದ ದೀಪ, ಹಾಡಿನ ಪೆಟ್ಟಿಗೆ ಎಲ್ಲ ಇದ್ದದ್ದು. ಅದರತ್ತ ಮಗಳು ಕಣ್ಣೆತ್ತಿಯೂ ನೋಡಲಿಲ್ಲ. ಅಂಚು ನೆಲದಿಂದ ಎಷ್ಟು ಎತ್ತರ, ಅಂಚಿನ ಮೇಲೆ ಕೂತು ಕಾಲನ್ನು ಒಳಕ್ಕೆ ತಿರುಗಿಸಬಹುದೇ, ಬಟನ್ನು ಒತ್ತಲು ಎಷ್ಟು ಬಲ ಬೇಕು, ಮನೆಯಲ್ಲಿ ಯಾರೂ ಇಲ್ಲದಾಗ ಒಬ್ಬರೇ ಎದ್ದು ಬರಬಹುದೇ ಎಂದು ಕೇಳಿದಳು. ಇಷ್ಟು ಕೂಲಂಕಷವಾಗಿ ಕೇಳುವ ಗಿರಾಕಿ ಅವನಿಗೆ ಸಿಕ್ಕಿರಲಿಲ್ಲ. ಹೆತ್ತವರಿಗಾಗಿ ಇಷ್ಟು ಯೋಚಿಸುವ ಮಕ್ಕಳು ಈಗ ಎಲ್ಲಿದ್ದಾರೆ ಅಂದುಕೊಂಡ. ಅವಳ ಮುಖ ನೋಡುತ್ತ ಒಂದೊಂದಕ್ಕೂ ಉತ್ತರ ಕೊಟ್ಟ. ಟೇಪು ತಂದು ಅಳೆದ. ಶೂ ಬಿಚ್ಚಿ, ತಾನೇ ಒಂದು ಚಿಕ್ಕ ಟಬ್ಬಿನ ಅಂಚಿನ ಮೇಲೆ ಕೂತು, ಕಾಲು ತಿರುಗಿಸಿ, ಕಂಬಿ ಹಿಡಿದು ಒಳಗಿಳಿದು ತೋರಿಸಿದ.

"ನೀರು ಎಷ್ಟು ಬಿಸಿ ಇಡಬಹುದು?" ತಾಯಿ ಕೇಳಿದಳು.

ಅವನು ಮಗಳ ಕಡೆ ತಿರುಗಿದ. "ಅಮ್ಮನವರಿಗೆ ಬಿಸಿ ತಡೆಯುತ್ತಾ ಮೇಡಂ?"

"ತಡೆಯುತ್ತೆ," ಎಂದಳು ತಾಯಿ. ಅವನು ಮಗಳಿಗೇ ತಲೆಯಾಡಿಸಿದ.

ಪಕ್ಕದಲ್ಲಿ ನೀರು ತುಂಬಿಸಿಟ್ಟ ಅಂಥದೇ ಟಬ್ಬೊಂದಿತ್ತು. ಕೈ ಹಾಕಿ ನೋಡಿ ಎಂದ. ಮಗಳು ಅಂಚಿಗೆ ಸೊಂಟ ಆನಿಸಿ, ಒಂದು ಕೈಯನ್ನು ಮೊಣಕೈವರೆಗೆ ಮುಳುಗಿಸಿದಳು. ಮುಳುಗಿಸಿದವಳು ತೆಗೆಯಲೇ ಇಲ್ಲ. ಬಿಗಿದ ತುಟಿ ಸಡಿಲವಾಯಿತು, ಕಣ್ಣು ಮುಚ್ಚಿಕೊಂಡಿತು. ಮನೆಯ ಕೆಲಸವೆಲ್ಲ ಇವಳ ಮೇಲೇ ಬಿದ್ದಿರಬೇಕು ಅಂದುಕೊಂಡ ಮಾರಾಟಗಾರ, ನೀರಿನೊಳಗಿನ ಊದಿದ ಗೆಣ್ಣುಗಳನ್ನು ನೋಡುತ್ತ. ತಾಯಿ ಮುಖ ಆಚೆ ತಿರುಗಿಸಿದಳು.

ಕೈ ತೆಗೆದು ಹಿಂದಕ್ಕೆ ಸರಿಯುವಾಗ ಮಗಳ ಮಂಡಿ ಮಡಚಿಕೊಂಡಿತು. ಕುರ್ಚಿಯ ಹಿಡಿಕೆ ಸಿಕ್ಕಿದ್ದರಿಂದ ಬೀಳಲಿಲ್ಲ. ತಾಯಿ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟಿದ್ದಳು. ಮಾರಾಟಗಾರ ಅವಳ ಭುಜ ಒತ್ತಿ ಕೂರಿಸಿದ.

"ಏಳಬೇಡಿ ಅಮ್ಮ, ಬಿದ್ದುಗಿದ್ದೀರಿ." ಆಮೇಲೆ ಮಗಳಿಗೆ, "ನಿಮಗೂ ಸುಸ್ತಾಗಿದೆ ಮೇಡಂ. ನಮ್ಮಕ್ಕನೂ ಹೀಗೇ, ತನ್ನ ಮೈ ನೋಡ್ಕೊಳ್ಳೋದೇ ಇಲ್ಲ."



ನೀಲಿ ಬಣ್ಣದ್ದು ಇದೆಯಾ ಎಂದು ತಾಯಿ ಕೇಳಿದಳು. ಯಾವ ಬಣ್ಣ ಬರೆದುಕೊಳ್ಳಲಿ ಎಂದು ಅವನು ಮಗಳನ್ನು ಕೇಳಿದ. ನೀಲಿ ಎಂದು ಹೇಳಿದರಲ್ಲ ಎಂದಳು ಅವಳು. ಹಣ ಕಟ್ಟಲು ಒಳಗಿನ ಮೇಜಿನವರೆಗೂ ಬರಲಾರೆ, ಕಾಗದ ಇಲ್ಲಿಗೇ ತನ್ನಿ ಎಂದು ಮಗಳು ಹೇಳಿದಾಗ ಅವನು ಬೇಸರಪಡದೆ ತಂದುಕೊಟ್ಟ. ಬಾಗಿಲು ತೆರೆದು ಹಿಡಿದು, ಮನೆಗೆ ಬಂದು ಟಬ್ಬು ಕೂರಿಸುವವರ ಜೊತೆ ತಾನೂ ಬರುವುದಾಗಿ ಹೇಳಿದ. ಥ್ಯಾಂಕ್ಸ್ ಎಂದಳು ಮಗಳು. ಆ ಅಂಗಡಿಯೊಳಗೆ ಅವಳು ನಕ್ಕದ್ದು ಅದೊಂದೇ ಸಲ.

ಹೊರಗೆ ಕಾರು ನಿಲ್ಲಿಸಿದ್ದು ಕಟ್ಟಡದ ಹಿಂಬದಿಯಲ್ಲಿ. ಮೂಲೆ ತಿರುಗುವಷ್ಟರಲ್ಲಿ ಮಗಳ ತೋಳುಗಳು ನಡುಗುತ್ತಿದ್ದವು. ಹಿಂದಿನ ಮೂರು ಅಂಗಡಿಗಳಲ್ಲೂ ಮಾರುವವರು ಕುರ್ಚಿಯ ಹಿಂದೆ ನಿಂತವರ ಜೊತೆಯಲ್ಲೇ ಮಾತಾಡಿ ಮುಗಿಸಿದ್ದರು. ಇಲ್ಲಿಯೂ ಹಾಗೇ ಆಯಿತು.

ತಾಯಿ ಬ್ರೇಕ್ ಹಾಕಿ, ಕುರ್ಚಿಯಿಂದ ಎದ್ದು ನಿಂತಳು. ಮಗಳ ಕಂಕುಳಡಿ ಕೈ ಕೊಟ್ಟು, ದಿನವೂ ಮಾಡುವಂತೆ ಮೆಲ್ಲಗೆ ತಿರುಗಿಸಿ, ಅವಳನ್ನು ಅವಳ ಕುರ್ಚಿಯಲ್ಲಿ ಕೂರಿಸಿದಳು.

"ಇದರಲ್ಲಿ ಕೂತ್ರೆ," ಎಂದಳು, "ದಿನಾ ಹೀಗೇನಾ ನಿಂಗೆ?"