ಗಾಳಿಯ ಮಗ

ನಾಡಿದ್ದು ತಪಾಸಣೆ. ಅಷ್ಟರೊಳಗೆ ಲೇಸರ್ ಉರಿಯದಿದ್ದರೆ ಲ್ಯಾಬಿಗೆ ಬೀಗ. ಕೊಳವೆಯೊಳಗೆ ರಭಸದಿಂದ ಹರಿಯುವ ಅನಿಲ, ಲೇಸರನ್ನು ಹೊತ್ತಿಸಬೇಕಾದ ವಿದ್ಯುತ್ ಕಿಡಿಯನ್ನು ನಿಂತಲ್ಲಿ ನಿಲ್ಲಗೊಡದೆ ತಳ್ಳಿಕೊಂಡು ಹೋಗಿ ಆರಿಸಿಬಿಡುತ್ತಿತ್ತು. ಡಾಕ್ಟರ್ ಮಂದಾಕಿನಿಗೆ ಸಾಕುಸಾಕಾಗಿತ್ತು.

ಇವತ್ತು ಬೆಳಿಗ್ಗೆ ಬಂದು ನೋಡಿದರೆ ಕಿಡಿ ಕಂಬದಂತೆ ನಿಂತಿದೆ! ಕೊಳವೆಯ ಕಬ್ಬಿಣದ ಚೌಕಟ್ಟಿಗೆ ಯಾರೋ ಫ್ರಿಜ್ಜಿಗೆ ಅಂಟಿಸುವಂಥ ಪುಟ್ಟ ಆಂಜನೇಯನನ್ನು ಅಂಟಿಸಿದ್ದಾರೆ.

“ಇದೇನು ಲ್ಯಾಬೋ, ಗುಡಿಯೋ? ಕೀಳ್ರೀ ಅದನ್ನ!”

ಟೆಕ್ನೀಷಿಯನ್ ಚೆಲುವಯ್ಯ ಕಿತ್ತ. ಕಿಡಿ ಆರಿತು. ಮತ್ತೆ ಅಂಟಿಸಿದ. ನಿಂತಿತು.

“ವಾಯುಪುತ್ರ ಅಲ್ವಾ ಮೇಡಂ? ಗಾಳಿ ತನ್ನ ಮಗನ ಮಾತು ಕೇಳುತ್ತೆ.”

“ದೇವರೂ ಇಲ್ಲ, ದಿಂಡರೂ ಇಲ್ಲ! ಅದರ ಬೆನ್ನಿಗಿರೋ ಮ್ಯಾಗ್ನೆಟ್ಟು ಕಿಡೀನ ಗಾಳಿಗೆ ಎದುರಾಗಿ ಹಿಡಿದಿಟ್ಟಿದೆ. ವಿಜ್ಞಾನ ಕಣ್ರೀ ಇದು!” ಎಂದವರೇ ಮಂದಾಕಿನಿ ಸ್ಟೋರ್ಸಿಗೆ ಓಡಿದರು.

“ಕೊಳವೆ ಉದ್ದಕ್ಕೂ ಹಾಕೋಕೆ ಹತ್ತು ಮ್ಯಾಗ್ನೆಟ್ ಬೇಕು, ಇವತ್ತೇ.”

ಸ್ಟೋರ್ಸಿನ ಅಧಿಕಾರಿ ನಿಧಾನವಾಗಿ ಕನ್ನಡಕ ಒರೆಸಿಕೊಂಡರು. “ಮ್ಯಾಗ್ನೆಟ್ ಅಂದ್ರೆ ಟೆಂಡರ್ ಕರೀಬೇಕು ಮೇಡಂ, ಎರಡು ವರ್ಷ. ಆಯುಧಪೂಜೆಗೆ ಅಂತ ಅಂಟಿಸೋ ದೇವ್ರುಗಳನ್ನ ಕೇಳಿ, ಮಧ್ಯಾಹ್ನಕ್ಕೇ ತರಿಸ್ತೀನಿ. ಗಣಪತಿ, ಲಕ್ಷ್ಮಿ, ಯಾವ್ದಾದ್ರೇನು? ಎಲ್ಲದರ ಬೆನ್ನಿಗೂ ಅದೇ ಮ್ಯಾಗ್ನೆಟ್ಟು.”

ಮಂದಾಕಿನಿ ಬಾಗಿಲತ್ತ ಒಮ್ಮೆ ನೋಡಿ ದನಿ ತಗ್ಗಿಸಿದರು.

“ಹತ್ತೂ ಆಂಜನೇಯನೇ ಆಗಿರ್ಲಿ.”